ಮಳೆ ರಜೆಯಲ್ಲಿ ಬಿಚ್ಚಿದ ಕಾರ್ಬುರೇಟರ್

ಎಮಿಷನ್ ಟೆಸ್ಟಿನ ಹುಡುಗ ಸೈಲೆನ್ಸರಿನಿಂದ ಕೊಳವೆ ಎಳೆದುಕೊಂಡ. ಪರದೆ ನೋಡಿ ‘ಫೇಲ್ ಸರ್’ ಎಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರು. ಹತ್ತೊಂಬತ್ತು ವರ್ಷದಿಂದ ಬೇರೆಯವರಿಗೆ ಹೇಳುತ್ತಾ ಬಂದ ಮಾತನ್ನು ನನಗೇ ಒಬ್ಬರು ಹೇಳಿದ್ದು ಇದೇ ಮೊದಲು. ಹಳೇ ವಿದ್ಯಾರ್ಥಿ ಸೇಡು ತೀರಿಸಿಕೊಳ್ಳುತ್ತಿದ್ದಾನಾ ಅಂತ ಅವನ ಮುಖ ನೋಡಿದೆ. ಅಲ್ಲ.

ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಶೇಕಡಾ 5.8 ಇತ್ತು. 2010ರ ನನ್ನ ಬೈಕಿನಂಥವಕ್ಕೆ ಮಿತಿ 3.5. ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಹಿಂದೆ ನಿಂತರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆರ್‌ಸಿಗೆ ಹದಿನೈದು ವರ್ಷ ತುಂಬಿದೆ, ನೋಂದಣಿ ನವೀಕರಣ ಆಗಬೇಕು. ಅದಕ್ಕೆ ಎಮಿಷನ್ ಪಾಸಾದ ಚೀಟಿ ಬೇಕೇ ಬೇಕು.

ಬೈಕ್ ಯಮಹಾ ಎಫ್‌ಜೆಡ್. 153 ಸಿಸಿ, ಹಿಂದೆ ಎಮ್ಮೆ ಕುತ್ತಿಗೆಯಂಥ ದಪ್ಪ ಟೈರು. 2014ರಲ್ಲಿ ಈ ಗಾಡಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂತು. ನನ್ನದು ಅದಕ್ಕಿಂತ ಹಿಂದಿನದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಮಾಡೆಲ್. ಶಿರ್ವದ ಒಂದು ಮನೆಯಿಂದ ತಂದಿದ್ದು. ಮಗ ಗಲ್ಫಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಬೈಕು ಕೊಟ್ಟಿಗೆಯಲ್ಲಿ, ಅಡಿಕೆ ಸಿಪ್ಪೆಯ ರಾಶಿ ಪಕ್ಕದಲ್ಲಿ, ಟಾರ್ಪಾಲು ಹೊದ್ದುಕೊಂಡು ಮಲಗಿತ್ತು. ಹೋಗುವಾಗ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಹೋಗಿದ್ದನಂತೆ. ‘ಬಂದ ಕೂಡಲೇ ಓಡಿಸಲಿಕ್ಕೆ ಅಂತ’ ಎಂದರು ಅವನ ತಂದೆ. ಆ ಅರ್ಧ ಟ್ಯಾಂಕ್ ಪೆಟ್ರೋಲೇ ಮುಂದಿನದಕ್ಕೆಲ್ಲ ಮೂಲ.

ಗೂಡ್ಸ್ ಟೆಂಪೋದಲ್ಲಿ ಉಡುಪಿ ಹತ್ತಿರದ ಕಟಪಾಡಿಗೆ ತಂದು ಒಂದು ಗ್ಯಾರೇಜಿಗೆ ಕೊಟ್ಟೆ. ಹಳೇ ಪೆಟ್ರೋಲ್ ಚೆಲ್ಲಿ, ಬ್ಯಾಟರಿ ಹಾಕಿ, ಪ್ಲಗ್ ಬದಲಿಸಿ, ಅಂತೂ ಚಾಲೂ ಮಾಡಿಕೊಟ್ಟರು. ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಸಾಯುತ್ತಿತ್ತು. ಒಂದು ಸ್ಕ್ರೂ ತಿರುಗಿಸಿದರು, ಸಾಯದೆ ನಿಂತಿತು. ಮತ್ತೊಂದು ತಿರುಗಿಸಿದರು, ಗುರ್ ಅಂತ ಜೋರಾಯಿತು. ‘ಆಯ್ತು ಸರ್.’ ಎಮಿಷನ್‌ನಲ್ಲಿ ಫೇಲಾಗಿ ವಾಪಸ್ ಹೋದರೆ, ‘ಕಾರ್ಬುರೇಟರೇ ಹೊಸದು ಹಾಕಿ ಬಿಡಿ, ಇದನ್ನೆಲ್ಲ ಈಗ ಯಾರು ರಿಪೇರಿ ಮಾಡ್ತಾರೆ’ ಎಂದರು. ಅವರನ್ನೂ ಪೂರ್ತಿ ದೂರುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿತು. ಕೆಲಸಕ್ಕೆ ಸೇರಿದ ಹುಡುಗರು ಅದನ್ನು ಬಿಚ್ಚಿ ನೋಡಿರುವುದೇ ಕಮ್ಮಿ.

ಅಷ್ಟರಲ್ಲಿ ಮಳೆ ಜೋರಾಯಿತು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟರು. ನಮ್ಮಲ್ಲಿ ಜೂನ್–ಜುಲೈ ಬಂದರೆ ಇದು ಮಾಮೂಲು. ರಾತ್ರಿ ಮಲಗುವಾಗ ಮಕ್ಕಳಿಗಿಂತ ಮಾಸ್ಟ್ರುಗಳೇ ಜಾಸ್ತಿ ಮೊಬೈಲ್ ನೋಡುತ್ತಿರುತ್ತೇವೆ. ಬೈಕನ್ನು ಜಗಲಿಗೆ ಹತ್ತಿಸಿ, ನಾನೇ ಬಿಚ್ಚುವುದು ಅಂತ ಕೂತೆ.

ಧೈರ್ಯಕ್ಕೆ ಪಕ್ಕದ ಮನೆಯ ಅಣ್ಣ ಇದ್ದರು. ಮಲ್ಪೆಯಲ್ಲಿ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುವವರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ. ಸಂಜೆ ಅವರು ಕೊಡೆ ಹಿಡಿದುಕೊಂಡು ಬಂದು ನೋಡಿ, ‘ಎಂತ ಮಾಸ್ಟ್ರೆ, ಇಷ್ಟು ಸಣ್ಣದಕ್ಕೆ ಇಷ್ಟು ಟೂಲ್ಸಾ?’ ಎಂದು ನಕ್ಕರು. ಅವರ ಕೈಗೆ ಕಾರ್ಬುರೇಟರ್ ಎಂದರೆ ಲಿಂಬೆಹಣ್ಣು.

ಬಿಚ್ಚುವುದು ಕಷ್ಟವಲ್ಲ. ಸೀಟು, ಟ್ಯಾಂಕು, ಪಕ್ಕದ ಪ್ಲಾಸ್ಟಿಕ್ ತೆಗೆದೆ. ಪೆಟ್ರೋಲ್ ಪೈಪ್, ಕೇಬಲ್, ಸೆನ್ಸರಿನ ಸಾಕೆಟ್ ಎಳೆದೆ. ಮುಂದೆ ಹಿಂದೆ ರಬ್ಬರಿಗೆ ಹಾಕಿದ ಕ್ಲಿಪ್ ಸಡಿಲಿಸಿ ಅಲ್ಲಾಡಿಸಿದರೆ ಕಾರ್ಬುರೇಟರ್ ಕೈಗೆ ಬಂತು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ಸಾಮಾನು ಕ್ರಮವಾಗಿ ಇಡಲು ಇಡ್ಲಿ ತಟ್ಟೆ ಕೇಳಿದೆ. ಅಮ್ಮ ಮೊದಲು ಆಗುವುದೇ ಇಲ್ಲ ಎಂದರು. ಆಮೇಲೆ ಅಟ್ಟದಿಂದ ಒಂದು ಹಳೇದು ತೆಗೆದುಕೊಟ್ಟು, ‘ಇದು ಇನ್ನು ಅಡುಗೆಮನೆ ಹೊಸಿಲು ದಾಟಬಾರದು’ ಎಂದರು. ಮೇಲಿನ ಕುಳಿಯಲ್ಲಿ ಮೇಲಿನ ಸಾಮಾನು, ಕೆಳಗಿನದರಲ್ಲಿ ಕೆಳಗಿನದು. ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ.

ಕೆಳಗಿನ ಬಟ್ಟಲಿಗೆ, ಅಂದರೆ ಬೌಲ್‌ಗೆ, ನಾಲ್ಕು ಸ್ಕ್ರೂ. ಮೂರು ಬಂದವು. ನಾಲ್ಕನೆಯದರ ತಲೆ ಸವೆದು ಬೋಳಾಯಿತು. ಅಣ್ಣ ನನ್ನ ಸ್ಕ್ರೂಡ್ರೈವರ್ ಕಿತ್ತುಕೊಂಡು, ‘ಇದು ಜಪಾನ್ ಸ್ಕ್ರೂ ಮಾರಾಯ್ರೆ’ ಎಂದರು. ಜಪಾನಿನವರ ಅಳತೆ ಜೆಐಎಸ್. ನೋಡಲು ನಮ್ಮ ಸ್ಟಾರ್ ಸ್ಕ್ರೂ ಹಾಗೆಯೇ, ಆದರೆ ಕುಳಿಯ ಆಕಾರ ಒಂಚೂರು ಬೇರೆ. ನಮ್ಮ ಸ್ಕ್ರೂಡ್ರೈವರ್ ತಳಮುಟ್ಟ ಕೂರುವುದಿಲ್ಲ, ಒತ್ತಿ ತಿರುಗಿಸಿದರೆ ಮೇಲೆದ್ದು ತಲೆಯನ್ನು ಕೊರೆಯುತ್ತದೆ. ಅವರು ಅದರ ಅಂಚಿಗೆ ಸಣ್ಣ ಉಳಿ ಇಟ್ಟು, ಸುತ್ತಿಗೆಯಿಂದ ಟಕ್ ಟಕ್ ಅಂತ ನಾಲ್ಕು ಏಟು ಕೊಟ್ಟು ತಿರುಗಿಸಿದರು. ಬೋಟಿನ ಕೈ ಎಂದುಕೊಂಡು ನಾನು ಕಣ್ಣು ಮುಚ್ಚಿದ್ದೆ. ಏಟು ಮಾತ್ರ ಹಕ್ಕಿ ಕುಕ್ಕಿದಷ್ಟೇ.

ಬಟ್ಟಲು ತೆಗೆದಾಗ ಬಂದ ವಾಸನೆ ಪೆಟ್ರೋಲಿನದ್ದಲ್ಲ. ಹಳೇ ವಾರ್ನಿಶ್ ಡಬ್ಬಿಯದು. ತಳದಲ್ಲಿ ಓಲೆಬೆಲ್ಲ ಕರಗಿ ಗಟ್ಟಿಯಾದಂತೆ ಕಂದು ಅಂಟು. ಮೂಲೆಯಲ್ಲಿ ಸುಣ್ಣದಂಥ ಬಿಳಿ ಪುಡಿ. ಪೆಟ್ರೋಲ್ ನಿಂತಲ್ಲೇ ನಿಂತರೆ ಹಗುರವಾದ ಅಂಶ ಹಾರಿಹೋಗಿ ಅಂಟು ಉಳಿಯುತ್ತದೆ. ಅದರಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆ ತೇವ ಲೋಹವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವೇ? ಉಪ್ಪಿನ ಭರಣಿಗೆ ಕೇಳಿದರೆ ಹೇಳುತ್ತದೆ. ಗಲ್ಫಿಗೆ ಹೋಗುವ ದಿನ ಆ ಹುಡುಗ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಲೋಟ ಪೆಟ್ರೋಲ್ ಚೆಲ್ಲಿದ್ದರೆ ಇದರಲ್ಲಿ ಮುಕ್ಕಾಲು ಆಗುತ್ತಿರಲಿಲ್ಲ.

ಬಟ್ಟಲಿನೊಳಗೆ ತೇಲುವ ಫ್ಲೋಟ್ ಇದೆ. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ, ಅದೇ ಲೆಕ್ಕ. ಪೆಟ್ರೋಲ್ ಏರಿದರೆ ಫ್ಲೋಟ್ ಎದ್ದು ಒಂದು ಸಣ್ಣ ಮುಳ್ಳನ್ನು ತೂತಿಗೆ ಒತ್ತಿ ದಾರಿ ಮುಚ್ಚುತ್ತದೆ. ನನ್ನ ಬೈಕಿನ ಮುಳ್ಳಿನ ರಬ್ಬರ್ ತುದಿಯಲ್ಲಿ ಉಗುರಿಗೆ ಸಿಗುವಷ್ಟು ಉಂಗುರದ ಗೆರೆ ಬಿದ್ದಿತ್ತು. ಸರಿಯಾಗಿ ಮುಚ್ಚುತ್ತಿರಲಿಲ್ಲ. ಪೆಟ್ರೋಲ್ ಇರಬೇಕಾದ ಮಟ್ಟಕ್ಕಿಂತ ಮೇಲೆ ಬರುತ್ತಿತ್ತು. ಮೂಗಿಗೆ ಹೊಡೆಯುವ ವಾಸನೆಗೆ ಒಂದು ಕಾರಣ ಅಲ್ಲೇ ಸಿಕ್ಕಿತು.

ಇನ್ನೊಂದು ಕಾರಣ ಗ್ಯಾರೇಜಿನವರು ತಿರುಗಿಸಿದ ಆ ಸ್ಕ್ರೂ. ಎಲ್ಲರೂ ಏರ್ ಸ್ಕ್ರೂ ಎನ್ನುತ್ತಾರೆ. ಆರ್‌ಎಕ್ಸ್ ಹಂಡ್ರೆಡ್‌ನಂಥ ಹಳಬರಲ್ಲಿ ಅದು ಏರ್ ಫಿಲ್ಟರ್ ಕಡೆ ಇರುತ್ತದೆ, ನಿಜಕ್ಕೂ ಗಾಳಿಯನ್ನೇ ಬಿಡುತ್ತದೆ. ಬಿಚ್ಚಿದಷ್ಟೂ ಪೆಟ್ರೋಲ್ ಕಮ್ಮಿ. ನನ್ನದರಲ್ಲಿ ಅದು ಎಂಜಿನ್ ಕಡೆ ಇದೆ. ಅದರಿಂದ ಹೋಗುವುದು ಪೆಟ್ರೋಲ್ ಬೆರೆತ ಗಾಳಿ. ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ. ಹೆಸರು ಒಂದೇ, ಕೆಲಸ ಉಲ್ಟಾ. ತೆಗೆಯುವ ಮೊದಲು ಪೂರ್ತಿ ಮುಚ್ಚಿ ಎಷ್ಟು ಸುತ್ತು ಅಂತ ಎಣಿಸಿದೆ. ನಾಲ್ಕೂವರೆ! ಇಂಥವಕ್ಕೆ ಸಾಮಾನ್ಯವಾಗಿ ಎರಡರ ಆಸುಪಾಸು ಸಾಕು. ಒಳಗೆ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಅರ್ಧ ಕಟ್ಟಿಕೊಂಡು ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಜೆಟ್ ತೆಗೆದು ನೋಡುವ ಬದಲು ಸ್ಕ್ರೂ ಬಿಚ್ಚುತ್ತಾ ಹೋಗಿದ್ದಾರೆ. ವ್ಯಾಕರಣ ಬರದ ಹುಡುಗ ಉತ್ತರದ ಉದ್ದ ಹೆಚ್ಚಿಸಿದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಆ ಸ್ಕ್ರೂವಿನ ಹಿಂದೆ ಒಂದು ಸ್ಪ್ರಿಂಗ್, ಒಂದು ವಾಷರ್, ಒಂದು ಓ ರಿಂಗ್ ಇರುತ್ತದೆ. ವಾಷರ್ ಸಾಸಿವೆಗಿಂತ ಸ್ವಲ್ಪ ದೊಡ್ಡದು. ನನ್ನದು ಹಾರಿ ಜಗಲಿಯ ಸೆಗಣಿ ಸಾರಿಸಿದ ನೆಲಕ್ಕೆ ಬಿತ್ತು. ಮುಕ್ಕಾಲು ಗಂಟೆ ಹುಡುಕಿದೆ. ಕೊನೆಗೆ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಎಳೆದಾಡಿದೆ. ಮೊಳೆ, ಸೂಜಿ, ಒಂದು ಹೇರ್‌ಪಿನ್ ಸಿಕ್ಕಿತು. ವಾಷರ್ ಸಿಕ್ಕಿದ್ದು ನನ್ನ ಲುಂಗಿಯ ಮಡಿಕೆಯಲ್ಲಿ.

ಮೇಲಿನ ಮುಚ್ಚಳದ ಅಡಿಯಲ್ಲಿ ಡಯಾಫ್ರಮ್. ತೆಳ್ಳಗಿನ ಕಪ್ಪು ರಬ್ಬರ್, ನಡುವೆ ಒಂದು ಕೊಳವೆ, ಅದಕ್ಕೆ ಉದ್ದ ಸೂಜಿ. ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾವು ಆಕ್ಸಿಲರೇಟರ್ ತಿರುಗಿಸಿದಾಗ ಕೇಬಲ್ ಆ ಸೂಜಿಯನ್ನು ಎತ್ತುವುದೇ ಇಲ್ಲ. ಅದು ಎಂಜಿನ್ ಕಡೆಯ ಒಂದು ತಗಡಿನ ಬಾಗಿಲನ್ನು ಮಾತ್ರ ತೆರೆಯುತ್ತದೆ. ಎಂಜಿನ್ ಜೋರಾಗಿ ಉಸಿರೆಳೆದಾಗ ರಬ್ಬರಿನ ಮೇಲೆ ಕೆಳಗೆ ಒತ್ತಡ ವ್ಯತ್ಯಾಸವಾಗಿ, ಸೂಜಿ ತಾನಾಗಿ ಮೇಲೇಳುತ್ತದೆ, ಪೆಟ್ರೋಲಿಗೆ ದಾರಿ ಬಿಡುತ್ತದೆ. ನಾವು ಕೇಳುವುದು ಅಷ್ಟೇ, ಎಷ್ಟು ಕೊಡಬೇಕು ಅಂತ ಗಾಳಿ ತೀರ್ಮಾನ ಮಾಡುತ್ತದೆ. ಹಾಗಾಗಿ ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೈಕ್ ಎಳೆಯುವುದಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ತೂತಿರಲಿಲ್ಲ. ಖುಷಿಯಲ್ಲಿ ಅದನ್ನೂ ಸ್ವಚ್ಛ ಮಾಡೋಣ ಅಂತ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದೆ.

ಐದೇ ನಿಮಿಷದಲ್ಲಿ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿ ಅಂಚೆಲ್ಲ ನಿರಿಗೆಯಾಯಿತು. ಅದು ಕೂರುವ ತೋಡಿಗೆ ಇನ್ನು ಯಾವ ಜನ್ಮದಲ್ಲೂ ಕೂರುವಂತಿರಲಿಲ್ಲ. ಎದೆ ಧಸಕ್ ಎಂದಿತು. ಅಣ್ಣ ನೋಡಿ, ‘ಮುಟ್ಟಬೇಡಿ. ನಾಳೆ ಬೆಳಿಗ್ಗೆ ನೋಡುವ’ ಎಂದರು. ರಾತ್ರಿಯಿಡೀ ಫ್ಯಾನಿನ ಕೆಳಗಿಟ್ಟೆ. ಬೆಳಿಗ್ಗೆ ಮುಕ್ಕಾಲು ಇಳಿದಿತ್ತು, ಸಂಜೆಗೆ ಮೊದಲಿನ ಗಾತ್ರ. ಆ ಸ್ಪ್ರೇ ಲೋಹಕ್ಕೆ ಮಾತ್ರ. ರಬ್ಬರಿಗೆ ಒಣ ಬಟ್ಟೆ ಸಾಕು. ಅದೇ ಸ್ಪ್ರೇಯನ್ನು ಒಂದು ತೂತಿಗೆ ಹೊಡೆದಾಗ ಇನ್ನೊಂದು ತೂತಿನಿಂದ ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು. ನನಗೆ ಚಾಳೀಸು ಬಂದದ್ದಕ್ಕೆ ಮೊದಲ ಸಲ ಸಂತೋಷವಾಯಿತು. ಕನ್ನಡಕ ಇಲ್ಲದವರು ಒಂದನ್ನು ಸಾಲ ತಂದಾದರೂ ಹಾಕಿಕೊಳ್ಳಿ.

ಅದೇ ಸಂಜೆ ಕರೆಂಟ್ ಹೋಯಿತು. ‘ಕತ್ತಲಲ್ಲಿ ಎಂತ ಕಾಣ್ತದೆ ನಿನಗೆ’ ಅಂತ ಅಮ್ಮ ಉರಿಯುವ ಮೇಣದಬತ್ತಿ ಹಿಡಿದುಕೊಂಡು ಜಗಲಿಗೆ ಬಂದರು. ನನ್ನೆದುರು ಪೆಟ್ರೋಲ್ ತುಂಬಿದ ತಟ್ಟೆ. ನಾನು ಕೂಗಿದ ಜೋರಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮ ಅರ್ಧ ದಿನ ಮಾತಾಡಲಿಲ್ಲ.

ಜೆಟ್ಟುಗಳು ಹಿತ್ತಾಳೆಯವು. ಪೈಲಟ್ ಜೆಟ್ಟಿನ ತೂತು ಮೂರ್ನಾಲ್ಕು ತಲೆಕೂದಲು ಸೇರಿದಷ್ಟು. ಇದಕ್ಕೆ ಸೂಜಿಯನ್ನೋ ಪಿನ್ನನ್ನೋ ಚುಚ್ಚಿದರೆ ಮುಗಿಯಿತು. ಹಿತ್ತಾಳೆ ಮೆತ್ತಗೆ, ತೂತು ಸವೆದು ದೊಡ್ಡದಾಗುತ್ತದೆ, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಲೆಕ್ಕ ಕೂಡುವುದಿಲ್ಲ. ಅಣ್ಣ ಮನೆಗೆ ಹೋಗಿ ತಂಗೂಸು ತಂದರು. ಗಾಳಕ್ಕೆ ಕಟ್ಟುವ ನೈಲಾನ್ ದಾರ, ಅದರಲ್ಲೂ ತೀರ ತೆಳ್ಳಗಿನದು. ಅದನ್ನು ಹಾಕಿ ಮೆಲ್ಲಗೆ ಎಳೆದಾಗ ಕಂದು ಗೋಂದು ಹೊರಗೆ ಬಂತು. ಹೊರಮೈಯ ಹಸಿರು ಕಿಲುಬು ಮಾತ್ರ ಹೋಗಲಿಲ್ಲ. ಮಾತು ಬಿಟ್ಟಿದ್ದ ಅಮ್ಮ ಅದನ್ನು ನೋಡಿ, ಹಿತ್ತಲಿನಿಂದ ನಾಲ್ಕು ಹುಳಿ ಬಿಂಬುಳಿ ಕಾಯಿ ಕೊಯ್ದು ತಂದು ತಟ್ಟೆಯ ಪಕ್ಕ ಇಟ್ಟು ಹೋದರು. ದೀಪ ಬೆಳಗುವುದು ಅವರು ಅದರಲ್ಲೇ. ಬಿಂಬುಳಿ ಜಜ್ಜಿ ರಸದಲ್ಲಿ ಹತ್ತು ನಿಮಿಷ ಜೆಟ್ಟುಗಳನ್ನು ಹಾಕಿ, ನೀರಿನಲ್ಲಿ ತೊಳೆದು ಒರೆಸಿದೆ. ದೇವರ ಕೋಣೆಯ ನಂದಾದೀಪದ ಹಾಗೆ ಹೊಳೆದವು. ಹಿತ್ತಾಳೆಗೆ ಮಾತ್ರ ಹೀಗೆ ಮಾಡಿ. ಕಾರ್ಬುರೇಟರಿನ ಬೂದು ಮೈಗೆ ಹುಳಿ ತಾಗಿಸಬೇಡಿ, ಲೋಹ ತಿಂದುಹೋಗುತ್ತದೆ.

ಒಳಗಿನ ಸಣ್ಣ ದಾರಿಗಳಿಗೆ ಗಾಳಿಯ ಜೋರು ಬೇಕು. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗೆ ಕೊಂಡುಹೋಗಿ ಒಂದೊಂದೇ ತೂತಿಗೆ ಗಾಳಿ ಹೊಡೆಸಿದೆ. ಒಂದರಿಂದ ಹೊಡೆದರೆ ಯಾವುದರಿಂದ ಹೊರಗೆ ಬರುತ್ತದೆ ಅಂತ ಬೆರಳಿಟ್ಟು ನೋಡಬೇಕು. ಎಲ್ಲೂ ಬಾರದಿದ್ದರೆ ಒಳಗೆ ಇನ್ನೂ ಕಸ ಇದೆ ಎಂದರ್ಥ. ಅಂಗಡಿಯವರು ಹತ್ತು ರೂಪಾಯಿ ತೆಗೆದುಕೊಂಡರು.

ಉಡುಪಿಯಿಂದ ರಿಪೇರಿ ಕಿಟ್ ತಂದೆ. ಅದರಲ್ಲಿ ಹೊಸ ಜೆಟ್ಟುಗಳೂ ಇದ್ದವು. ಹಾಕಲಿಲ್ಲ. ಕಂಪನಿಯದ್ದಲ್ಲದ ಕಿಟ್ಟಿನ ಜೆಟ್ಟಿನಲ್ಲಿ ನಂಬರ್ ಒಂದು, ತೂತು ಇನ್ನೊಂದು ಇರುವುದುಂಟು. ಹಳೇ ಜೆಟ್ ಸವೆದಿಲ್ಲವಾದರೆ ಅದೇ ಒಳ್ಳೆಯದು. ಮುಳ್ಳು, ಓ ರಿಂಗ್, ಬಟ್ಟಲಿನ ಅಂಚಿಗೆ ಕೂರುವ ರಬ್ಬರ್ ಪ್ಯಾಕಿಂಗ್ ಮಾತ್ರ ಹೊಸದು. ಹಳೇ ಪ್ಯಾಕಿಂಗ್ ಒಣಗಿ ಒಡೆದು ಚಕ್ಕುಲಿ ಚೂರಾಗಿತ್ತು. ಈ ಪ್ಯಾಕಿಂಗ್ ನೆನಪಿಟ್ಟುಕೊಳ್ಳಿ, ಕಥೆ ಮುಂದಿದೆ.

ಜೋಡಿಸಿದ ಮೇಲೆ ಫ್ಲೋಟ್ ಎತ್ತಿ ಹಿಡಿದು ಪೆಟ್ರೋಲ್ ಬರುವ ಕೊಳವೆಗೆ ಬಾಯಿಂದ ಊದಿದೆ. ಗಾಳಿ ಹೋಗಲಿಲ್ಲ. ಫ್ಲೋಟ್ ಬಿಟ್ಟರೆ ಹೋಯಿತು. ಮುಳ್ಳು ಸರಿ. ಬೈಕಿಗೆ ಕೂರಿಸಿದೆ. ಏರ್ ಫಿಲ್ಟರ್ ಪೆಟ್ಟಿಗೆ ತೆರೆದರೆ ಒಳಗೆ ಅಡಿಕೆ ಸಿಪ್ಪೆಯ ನಾರು, ಫಿಲ್ಟರ್ ಮೇಲೆ ಕೆಂಪು ಮಣ್ಣಿನ ಗಟ್ಟಿ. ಕುಂಬಾರ ಹುಳದ ಗೂಡು. ಫಿಲ್ಟರ್ ಬದಲಿಸಿದೆ. ಆ ಗೂಡು ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಸ್ಕ್ರೂ ಎರಡು ಸುತ್ತು ಬಿಟ್ಟು ಸೆಲ್ಫ್ ಒತ್ತಿದೆ. ಬಟ್ಟಲು ತುಂಬುವವರೆಗೆ ಕೊಸರಾಡಿ, ಆಮೇಲೆ ಹಿಡಿಯಿತು. ಬಿಸಿಯಾದ ಮೇಲೆ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಕಿವಿ ಕೊಟ್ಟೆ. ಎಲ್ಲಿ ಎಂಜಿನ್ ತಾನಾಗಿ ಜೋರಾಗುತ್ತದೋ ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂವಿನಿಂದ ಇಳಿಸಿದೆ. ಮತ್ತೆ ಅದೇ. ಛಂದಸ್ಸಿನಲ್ಲಿ ಮಾತ್ರೆ ಎಣಿಸುವ ಕಿವಿ ಇಲ್ಲಿ ಉಪಯೋಗಕ್ಕೆ ಬಂತು ಎಂದರೆ ಅಣ್ಣ ನಗುತ್ತಾರೆ. ಎರಡೂಕಾಲು ಸುತ್ತಿಗೆ ಗಡಿಯಾರದ ಹಾಗೆ ನಿಂತಿತು. ವಾಸನೆ ಇಲ್ಲ.

ಮರುದಿನವೂ ರಜೆ. ಮಳೆ ಸ್ವಲ್ಪ ಬಿಟ್ಟಿತ್ತು. ಕಾಪು ದೀಪಸ್ತಂಭದವರೆಗೆ ಹೋಗಿ ಬರೋಣ ಅಂತ ಹೊರಟೆ. ಹೆದ್ದಾರಿಯಲ್ಲಿ ಅರವತ್ತರಲ್ಲಿ ಓಡಿತು. ಪಾಂಗಾಳ ಬಂತು, ಬೈಕ್ ಬಿಕ್ಕಿತು, ಸತ್ತಿತು. ಬದಿಗೆ ತಳ್ಳಿ ಎರಡು ನಿಮಿಷ ನಿಂತೆ. ಚಾಲೂ ಆಯಿತು. ಮತ್ತೆ ಎರಡು ಕಿಲೋಮೀಟರ್, ಮತ್ತೆ ಸತ್ತಿತು. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿರಬಹುದು ಅಂತ ಮುಚ್ಚಳ ತೆರೆದಿಟ್ಟು ನೋಡಿದೆ. ಅದಲ್ಲ. ಆಮೇಲೆ ಮೂವತ್ತಕ್ಕಿಂತ ಜೋರಾಗಿ ಹೋಗದೆ, ನೆನೆದುಕೊಂಡು ಮನೆ ಸೇರಿದೆ. ಮೊದಲಾದರೆ ವಾಸನೆ ಬರುತ್ತಿತ್ತು, ಆದರೆ ದಾರಿಯಲ್ಲಿ ಬೈಕ್ ಸಾಯುತ್ತಿರಲಿಲ್ಲ. ರಿಪೇರಿ ಮಾಡಿ ಕೆಡಿಸಿದ ಹಾಗಾಯಿತಲ್ಲ ಅಂತ ಬೇಜಾರಾಯಿತು.

ಅಣ್ಣ ಬಂದು ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಲೋಟ ಹಿಡಿದರು. ಪೆಟ್ರೋಲ್ ಸ್ವಲ್ಪ ಬಂತು, ತೊಟ್ಟಿಕ್ಕಿತು, ನಿಂತಿತು. ಟ್ಯಾಂಕ್ ತುಂಬ ಇದೆ, ಕಾಕ್ ತೆರೆದಿದೆ, ಆದರೂ ಬರುವುದಿಲ್ಲ. ಅವರು ನನ್ನನ್ನೇ ನೋಡಿ ಕೇಳಿದರು. ‘ಮಾಸ್ಟ್ರೆ, ತೆಂಗಿನೆಣ್ಣೆ ಡಬ್ಬಿಗೆ ಎರಡು ತೂತು ಯಾಕೆ ಮಾಡ್ತಾರೆ?’

ಕಾರ್ಬುರೇಟರಿನ ಬದಿಯಿಂದ ಕೆಳಗೆ ಇಳಿಬಿದ್ದ ಒಂದು ಕಪ್ಪು ಪೈಪ್ ಇದೆ. ನಾನು ಎಲ್ಲ ತೊಳೆದಿದ್ದೆ. ಅದೊಂದನ್ನು, ಖಾಲಿ ಪೈಪಲ್ವಾ ಅಂತ, ಒರೆಸಿ ಹಾಗೆಯೇ ಸಿಕ್ಕಿಸಿದ್ದೆ. ಅಣ್ಣ ಅದನ್ನು ಎಳೆದರು. ಸಡಿಲಿಸಿದ್ದ ಸ್ಕ್ರೂವಿನಿಂದ ಪೆಟ್ರೋಲ್ ಸರ್ ಅಂತ ಸುರಿಯಿತು. ಪೈಪನ್ನು ಬೆರಳಿನಿಂದ ಹಿಚುಕುತ್ತಾ ಬಂದರೆ, ತುದಿಯಿಂದ ಎರಡು ಇಂಚು ಮೇಲೆ ಗಟ್ಟಿ. ಕೊಯ್ದು ನೋಡಿದೆವು. ಕೆಂಪು ಮಣ್ಣು, ಅದರೊಳಗೆ ಒಣಗಿದ ಒಂದು ಜೇಡ. ಕುಂಬಾರ ಹುಳ ಮರಿಗೆ ಬುತ್ತಿ ಕಟ್ಟಿಟ್ಟು ಬಾಗಿಲು ಹಾಕಿಕೊಂಡು ಹೋಗಿತ್ತು.

ಬಟ್ಟಲಿನ ಪೆಟ್ರೋಲನ್ನು ಜೆಟ್ಟಿಗೆ ಏರಿಸುವುದು ಮೇಲಿಂದ ಒತ್ತುವ ಹೊರಗಿನ ಗಾಳಿ. ಅದು ಬರುವ ದಾರಿ ಈ ಪೈಪ್. ಇಷ್ಟು ದಿನ ಅದು ಕಟ್ಟಿಕೊಂಡಿದ್ದರೂ ಬೈಕ್ ಓಡಿದ್ದು ಆ ಒಡಕು ಪ್ಯಾಕಿಂಗಿನಿಂದ. ಬಿರುಕಿನಲ್ಲಿ ಗಾಳಿ ನುಗ್ಗುತ್ತಿತ್ತು. ನಾನು ಹೊಸ ಪ್ಯಾಕಿಂಗ್ ಹಾಕಿ, ಬಿಗಿ ಮಾಡಿ, ಅದರ ಕೊನೆಯ ಉಸಿರಿನ ದಾರಿಯನ್ನೂ ಮುಚ್ಚಿದ್ದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಂತೆ. ಮೂರು ದಿನ ನಾನು ಪೆಟ್ರೋಲಿನ ದಾರಿಗಳನ್ನೇ ತೊಳೆಯುತ್ತಾ ಕೂತಿದ್ದೆ.

ಹೊಸ ಪೈಪ್ ಹಾಕಿ, ತುದಿಗೆ ಸೊಳ್ಳೆಪರದೆಯ ಚೂರು ಸುತ್ತಿ ದಾರ ಕಟ್ಟಿದೆ. ಕಾಪುವಿಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಮರುದಿನ ಅದೇ ಎಮಿಷನ್ ಕೇಂದ್ರ, ಅದೇ ಹುಡುಗ. ಕೊಳವೆ ತೂರಿಸಿ, ಪರದೆ ನೋಡಿ, ‘1.3’ ಎಂದ. ಮತ್ತೆ ಒಂದು ಸಲ ನೋಡಿದ. ‘ಹೊಸ ಕಾರ್ಬುರೇಟರಾ ಸರ್?’

ಅಲ್ಲ ಎಂದೆ. ಚೀಟಿ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಆರ್‌ಟಿಒದಲ್ಲಿ ಬೈಕ್ ತೋರಿಸಲು ಮಂಗಳವಾರ ಬರಲು ಹೇಳಿದ್ದರು. ಸೋಮವಾರ ರಾತ್ರಿ ಮತ್ತೆ ರಜೆಯ ಸುದ್ದಿ ಬಂತು. ಶಾಲೆಗಳಿಗೆ ಮಾತ್ರ. ರೈನ್‌ಕೋಟ್ ಹಾಕಿಕೊಂಡು ಹೊರಟೆ.